ಪಾರ್ಕಿನೊಳಗೆ ಮೂವತ್ತಮೂರು ಸಾವಿರ ವೋಲ್ಟು

ಚಿತ್ತವಾಡ್ಗಿಯ ಕೋಳಿಗಳು ಕೂಗುವ ಮೊದಲು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತವೆ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ರಾತ್ರಿಯೆಲ್ಲ ಎಬ್ಬಿಸಿದ ಕೆಂಪು ಧೂಳು ಅವುಗಳ ಕೊರಳಲ್ಲಿ ಅಷ್ಟೊಂದು ಕೂತಿರುತ್ತದೆ. ಆ ಕೆಮ್ಮು ಕೇಳುವ ಹೊತ್ತಿಗೆ ಹೊಸಪೇಟೆಯ ಈ ಬಡಾವಣೆಯ ಅಂಚಿನ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಗಾದಿಲಿಂಗಪ್ಪ ಏಣಿ ಹೆಗಲಿಗೇರಿಸಿಕೊಂಡು ನಿಂತಿರುತ್ತಾರೆ.

ಕಂಟ್ರೋಲ್ ರೂಮಿನ ಕಿಟಕಿಯಿಂದ ಆಪರೇಟರ್ ಕೆಂಚಣ್ಣ ಕೂಗಿ ಹೇಳುತ್ತಾರೆ: "ಲೈನ್ ಬಂದ್ ಮಾಡೀನಿ, ಹತ್ತೋ ಮಾರಾಯ."

ಗಾದಿಲಿಂಗಪ್ಪ ಹತ್ತುವುದಿಲ್ಲ. ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗಲೆಂದು ದಪ್ಪ ತಾಮ್ರದ ವೈರಿನ ಒಂದು ತುದಿಯನ್ನು ನೆಲಕ್ಕೆ ಬಿಗಿದು, ಇನ್ನೊಂದು ತುದಿಯ ಕೊಕ್ಕೆಯನ್ನು ಉದ್ದನೆಯ ಕೋಲಿನಿಂದ ಮೇಲಿನ ತಂತಿಗೆ ನೇತುಹಾಕಿದ ಮೇಲೆಯೇ ಏಣಿಗೆ ಕಾಲಿಡುವುದು. "ಕೆಂಚಣ್ಣ ಭಾಳ ಒಳ್ಳೆ ಮನಷಾ ಅದಾನ್ರಿ," ಎನ್ನುತ್ತಾರೆ. "ಆದ್ರ ಅದು ಕರೆಂಟಿಗೆ ಗೊತ್ತಿರಂಗಿಲ್ಲ."

ಏಣಿ ಹತ್ತಿ ಅವರು ಮಾಡುವ ಕೆಲಸಕ್ಕೆ ಸರ್ಕಾರಿ ಹೆಸರು ಏನಿದೆಯೋ, ಅವರಂತೂ ಅದನ್ನು ಕೇಳಿಲ್ಲ. ಅವರು ಪಿಂಗಾಣಿ ಒರೆಸುತ್ತಾರೆ. ತಂತಿಯನ್ನು ಕಬ್ಬಿಣದ ಕಂಬಕ್ಕೆ ತಾಗದಂತೆ ಹಿಡಿದಿಡುವ ಕಂದು ಬಣ್ಣದ ಪಿಂಗಾಣಿ ಬಟ್ಟಲುಗಳ ಮೇಲೆ ಅದಿರಿನ ಧೂಳು ಕೂರುತ್ತದೆ. ಬೆಳಗಿನ ಇಬ್ಬನಿ ಬಿದ್ದರೆ ಆ ಧೂಳು ಒದ್ದೆಯಾಗಿ ಕರೆಂಟಿಗೆ ಕಾಲುದಾರಿ ಆಗಿಬಿಡುತ್ತದೆ. ಢಬ್ ಎಂದು ಒಂದು ಸದ್ದು, ಒಂದು ನೀಲಿ ಬೆಳಕು, ಚಿತ್ತವಾಡ್ಗಿ ಕತ್ತಲು. ಹಾಗಾಗದಿರಲಿ ಎಂದು ಈ ಮನುಷ್ಯ ಹಳೆಯ ನೂಲಿನ ಸೀರೆಯ ತುಂಡು ಒದ್ದೆ ಮಾಡಿಕೊಂಡು ಪ್ರತಿ ಬಟ್ಟಲನ್ನೂ ಮಗುವಿನ ಮುಖ ಒರೆಸಿದಂತೆ ಒರೆಸುತ್ತಾರೆ. ಅವರು ಒರೆಸಿದ ಪಿಂಗಾಣಿಯಲ್ಲಿ ಮುಖ ನೋಡಿಕೊಂಡು ಅರ್ಧ ಹೊಸಪೇಟೆ ಗಡ್ಡ ಬೋಳಿಸಿಕೊಳ್ಳಬಹುದು. ಇಷ್ಟು ವರ್ಷ ಆ ಬಟ್ಟೆಯಿಂದ ಹಿಂಡಿದ ಕೆಸರನ್ನು ಒಣಗಿಸಿ ಗೂಡ್ಸ್ ರೈಲಿಗೆ ತುಂಬಿದ್ದರೆ ಚೀನಾದಲ್ಲಿ ಇಷ್ಟೊತ್ತಿಗೆ ಒಂದು ಸೇತುವೆ ಎದ್ದಿರುತ್ತಿತ್ತು, ಅದಕ್ಕೆ ಗಾದಿಲಿಂಗಪ್ಪ ಸೇತುವೆ ಎಂದೇ ಹೆಸರಿಡಬೇಕಾಗುತ್ತಿತ್ತು.

ಆದರೆ ಆ ಕೆಂಪು ನೀರು ಚೀನಾಕ್ಕೆ ಹೋಗಲಿಲ್ಲ, ಹೂಗಿಡಗಳಿಗೆ ಹೋಯಿತು. ಇಡೀ ರಾಮಾಯಣ ಶುರುವಾದದ್ದು ಅಲ್ಲಿಂದಲೇ.

ಕಂಬಕ್ಕೆ ಗುಂಡಿ ತೋಡುವ ಕೂಲಿಯಾಗಿ ಬಂದ ಗಾದಿಲಿಂಗಪ್ಪನವರನ್ನು ಇಲಾಖೆ ಈ ಅಂಗಳದ ಹುಲ್ಲು ಕೀಳಲು ಇಟ್ಟುಕೊಂಡಿತು. ತಂತಿ, ಕಂಬಗಳಿರುವ ಕಡೆ ಜಲ್ಲಿ ಹಾಸಿತ್ತು. ಅದರ ಬೇಲಿಯ ಈಚೆ, ಗೇಟಿನ ಬಳಿ, ಮುಂದೆಂದಾದರೂ ಇನ್ನೊಂದು ಟ್ರಾನ್ಸ್‌ಫಾರ್ಮರ್ ಬಂದೀತೆಂದು ಬಿಟ್ಟ ಖಾಲಿ ಜಾಗ. ಅಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತಿತ್ತು, ಹುಲ್ಲಿಗಿಂತ ಉದ್ದದ ಹಾವುಗಳೂ ಇದ್ದವು. "ಕಿತ್ತಷ್ಟೂ ಬರ್ತಿತ್ರಿ. ಬರೂದು ಹೆಂಗೂ ಬರ್ತೈತಿ, ಹೂವಾದ್ರೂ ಬರ್ಲಿ ಅಂತ ಆಗಿನ ಸಾಹೇಬ್ರನ್ನ ಕೇಳ್ದೆ. ಮಣಕಾಲ ಮ್ಯಾಲ ಬೆಳಿಬಾರದು ನೋಡು ಅಂದ್ರು."

ಹೆಂಡತಿ ಕೊಟ್ರಬಸಮ್ಮನವರ ತವರು ಬುಕ್ಕಸಾಗರ. ಹೊಳೆಯ ನೀರು ಕುಡಿದು ಸೊಕ್ಕಿದ ಮಣ್ಣು ಅಲ್ಲಿಯದು. ಅತ್ತೆಯ ಹಿತ್ತಲಿನಿಂದ ದುಂಡುಮಲ್ಲಿಗೆ, ಕನಕಾಂಬರ, ಸೇವಂತಿ, ಸುಗಂಧರಾಜ ಒಂದೊಂದಾಗಿ ಬಸ್ಸಿನ ಟಾಪಿನ ಮೇಲೆ ಕೂತು ಬಂದವು. ಪಿಂಗಾಣಿ ಒರೆಸಿದ ಮೇಲೆ ಎಲೆ ಒರೆಸುವುದು ಗಾದಿಲಿಂಗಪ್ಪನವರ ರೂಢಿಯಾಯಿತು, ಇಲ್ಲದಿದ್ದರೆ ಅದಿರಿನ ಧೂಳಿಗೆ ಮಲ್ಲಿಗೆಯೂ ದಾಸವಾಳದಂತೆ ಕಾಣುತ್ತಿತ್ತು. ಹದಿನೈದು ವರ್ಷದಲ್ಲಿ ಆ ಜಾಗ ಹೇಗಾಯಿತೆಂದರೆ, ಅಲ್ಲಿಯ ಸುಗಂಧರಾಜದ ವಾಸನೆಗೆ ತುಂಗಭದ್ರಾ ಡ್ಯಾಮಿನ ಮೀನುಗಳು ದಂಡೆಗೆ ಬಂದು ಮೂಗು ಎತ್ತುತ್ತವೆ. ಕೊಟ್ರಬಸಮ್ಮ ಕಟ್ಟಿದ ಮಾಲೆ ಗಾಜಿನ ಮುಂದೆ ತೂಗದಿದ್ದರೆ ಕಂಪ್ಲಿ ಬಸ್ಸಿನ ಡ್ರೈವರುಗಳು ಗಾಡಿ ಎತ್ತುವುದಿಲ್ಲ. ಸಂಜೆಯಾದರೆ ಓಣಿಯ ಹೆಂಗಸರು ಗೇಟಿನ ಪಕ್ಕದ ಸಿಮೆಂಟ್ ಪೈಪುಗಳ ಮೇಲೆ ಕೂತು ತಲೆಯ ಮೇಲಿನ ಗುಂಯ್ ಸದ್ದನ್ನು ದುಂಬಿಯ ಸದ್ದೆಂದೇ ತಿಳಿದು ಹರಟುತ್ತಾರೆ.

ಇಂಥದೊಂದು ಸಂಜೆ ಊರಿನ ಹೊಸ ನಕ್ಷೆಗೆ ಜಾಗ ಗುರುತು ಮಾಡುವವನೊಬ್ಬ ಬಂದು, ಹೂವು ನೋಡಿ, ಹರಟುವ ಹೆಂಗಸರನ್ನು ನೋಡಿ, ಕೊಟ್ರಬಸಮ್ಮ ಕೊಟ್ಟ ಒಂದು ಮೊಳ ಮಲ್ಲಿಗೆ ತೆಗೆದುಕೊಂಡು, 'ಉದ್ಯಾನವನ' ಎಂದು ಬರೆದುಕೊಂಡು ಹೋದ. ತಲೆ ಎತ್ತಿ ತಂತಿ ನೋಡಲಿಲ್ಲ. ನಕ್ಷೆ ಅಚ್ಚಾಗಿ ನಗರ ಯೋಜನೆಯ ಕಚೇರಿಯ ಗೋಡೆಯ ಮೇಲೆ ತೂಗಿತು. ಯಾರಾದರೂ ತಕರಾರು ಮಾಡಬಹುದೆಂದು ಪ್ರಕಟಣೆಯೂ ಬಂತು. ಚಿತ್ತವಾಡ್ಗಿಯಲ್ಲಿ ತಕರಾರಿಗೆ ಬರವಿಲ್ಲ, ಆದರೆ ಯಾರೂ ಪ್ರಕಟಣೆ ಓದಿಕೊಂಡು ತಕರಾರು ಮಾಡುವುದಿಲ್ಲ.

ಅಷ್ಟರಲ್ಲಿ ಗಣಿಯ ದುಡ್ಡು ಊರಿಗೆ ಇಳಿಯಿತು. ಒಂದು ಲಾರಿ ಕೊಂಡವನು ಮನೆಗೆ ಎಸಿ ಹಾಕಿಸಿದ. ಎರಡನೆಯದು ಕೊಂಡವನು ನಾಯಿಗೂ ಹಾಕಿಸಿದ. ಮೂರನೆಯದು ಕೊಂಡವನ ಕೋಣೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕೂರಬೇಕಿತ್ತು. ಸಬ್‌ಸ್ಟೇಷನ್ನಿನ ಮುದಿ ಟ್ರಾನ್ಸ್‌ಫಾರ್ಮರ್ ನರಳುವುದು ರೈಲ್ವೆ ಸ್ಟೇಷನ್ನಿಗೆ ಕೇಳಿಸತೊಡಗಿತು. ಅದರ ಪಕ್ಕ ಎರಡರಷ್ಟು ಭಾರ ಹೊರುವ ಹೊಸದೊಂದನ್ನು ಕೂರಿಸಲು ಮಂಜೂರಾತಿ ಸಿಕ್ಕಿತು. ಕೂರಿಸಬೇಕಾದ ಜಾಗ ಗಾದಿಲಿಂಗಪ್ಪನವರ ಹೂದೋಟ.

ಸೆಕ್ಷನ್ ಎಂಜಿನಿಯರ್ ಶಂಭುಲಿಂಗ ಪರವಾನಗಿಯ ಅರ್ಜಿ ಹಿಡಿದು ನಕ್ಷೆಯ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಅನುಸೂಯಾ ನಕ್ಷೆಯ ಮೇಲೆ ಬೆರಳಾಡಿಸಿದರು.

"ನಿಮ್ಮ ಸಬ್‌ಸ್ಟೇಷನ್ ಎಲ್ಲೈತ್ರಿ? ಇಲ್ಲಿ ಪಾರ್ಕ್ ಐತಲ್ಲ."

"ಮೇಡಂ, ಆ ಪಾರ್ಕಿನ್ಯಾಗ ಮೂವತ್ತಮೂರು ಸಾವಿರ ವೋಲ್ಟ್ ಹರೀತೈತಿ."

"ಹಂಗಾದ್ರ ಪಾರ್ಕಿನ್ಯಾಗ ಪರವಾನಗಿ ಇಲ್ದ ಹರಿಯಾಕತ್ತೈತಿ ಅಂದಂಗಾತು. ಅದನ್ನ ಬರದು ಕೊಡ್ತೀರೇನು?"

ಶಂಭುಲಿಂಗ ಬರೆದುಕೊಡಲಿಲ್ಲ. ಭೂ ಉಪಯೋಗ ಬದಲಾವಣೆಗೆ ಹೊಸ ಅರ್ಜಿ ಹಾಕಿದರು. ಪಾರ್ಕನ್ನು ಸಬ್‌ಸ್ಟೇಷನ್ ಮಾಡುವುದೆಂದರೆ ಹುಡುಗಾಟವಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಬೇಕು, ಸಾರ್ವಜನಿಕರ ಆಕ್ಷೇಪಣೆಗೆ ಗಡುವು ಬೇಕು, ಸ್ಥಳ ಪರಿಶೀಲನೆ ಬೇಕು, ಬೆಂಗಳೂರಿನ ಆದೇಶ ಬೇಕು. ಹೊಸ ಟ್ರಾನ್ಸ್‌ಫಾರ್ಮರ್ ಎಲ್ಲಿ ಕೂರುತ್ತದೆ, ಬೇಲಿಗೂ ಅದಕ್ಕೂ ಎಷ್ಟು ಅಂತರ ಎಂಬ ನಕಾಶೆಗೆ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಬೇಕು. ಹಂಪಿಯ ಸ್ಮಾರಕಗಳಿಗೆ ಇದರಿಂದ ತೊಂದರೆಯಿಲ್ಲ ಎಂಬ ಪತ್ರ ಬೇಕು. ಐನೂರು ವರ್ಷ ಬಿಸಿಲಲ್ಲಿ ನಿಂತ ಕಲ್ಲಿಗೆ ಚಿತ್ತವಾಡ್ಗಿಯ ಟ್ರಾನ್ಸ್‌ಫಾರ್ಮರು ಏನು ಮಾಡೀತೆಂದು ಯಾರೂ ಕೇಳಲಿಲ್ಲ, ಪತ್ರ ಬೇಕೆಂದರೆ ಬೇಕು. ಅರ್ಜಿ ತಿರುಗಿದ ದಾರಿಯನ್ನು ನೆಟ್ಟಗೆ ಎಳೆದರೆ ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗಿ ವಾಪಸು ಬರಬಹುದಿತ್ತು.

ಸ್ಥಳ ಪರಿಶೀಲನೆಯ ದಿನ ಗೊತ್ತಾದಾಗ ಶಂಭುಲಿಂಗ ಗಾದಿಲಿಂಗಪ್ಪನವರನ್ನು ಪಕ್ಕಕ್ಕೆ ಕರೆದರು. "ಗಾದಿಲಿಂಗಣ್ಣ, ಮೇಡಂ ಬಂದಾಗ ಇಲ್ಲಿ ಒಂದ್ ಹೂವೂ ಕಾಣಬಾರದು. ಹೂವು ಕಂಡ್ರ ಪಾರ್ಕ್ ಅಂತಾರ. ಕಿತ್ತು ಹಾಕ್ರಿ."

"ಆತ್ರಿ ಸಾಹೇಬ್ರ," ಎಂದರು ಗಾದಿಲಿಂಗಪ್ಪ. ಗುದ್ದಲಿ ಹಿಡಿದು ಹೋದರು. ದುಂಡುಮಲ್ಲಿಗೆಯ ಮುಂದೆ ಕೂತು, ಒಂದು ಬೀಡಿ ಸೇದಿ, ಗುದ್ದಲಿಯನ್ನು ಅಲ್ಲಿಯೇ ಬಿಟ್ಟು ಎದ್ದು ಬಂದರು. ಮರುದಿನವೂ ಅದೇ. ಕೀಳುವ ಬದಲು ಅವರಿಗೆ ಇನ್ನೊಂದು ಉಪಾಯ ಹೊಳೆಯಿತು: ಎಲೆ ಒರೆಸುವುದನ್ನು ನಿಲ್ಲಿಸಿದರು. ವಾರದೊಳಗೆ ಅದಿರಿನ ಧೂಳು ತನ್ನ ಕೆಲಸ ಮಾಡಿತು. ಮಲ್ಲಿಗೆ ಯಾವುದು, ಮಣ್ಣಿನ ಹೆಂಟೆ ಯಾವುದು ಎಂದು ಹೇಳಲು ಬಾರದಾಯಿತು. ಬಂದ ದುಂಬಿಗಳು ದಾರಿ ತಪ್ಪಿದೆವೆಂದು ವಾಪಸು ಹೋದವು. ಶಂಭುಲಿಂಗ ಗೇಟಿನಲ್ಲಿ ನಿಂತು ನೋಡಿ, ತೋಟ ಕಿತ್ತಾಗಿದೆಯೆಂದೇ ತಿಳಿದು ಖುಷಿಪಟ್ಟರು.

ಈ ಉಪಾಯವನ್ನು ಗಾದಿಲಿಂಗಪ್ಪ ಹೆಂಡತಿಗೆ ಹೇಳಿರಲಿಲ್ಲ. ಅಧಿಕಾರಿಗಳು ಬರುತ್ತಾರೆ ಎಂದಷ್ಟೇ ಹೇಳಿದ್ದರು.

ಮನೆಗೆ ಬೀಗರು ಬರುತ್ತಾರೆಂದರೆ ಹಟ್ಟಿ ಸಾರಿಸುವ ಹೆಣ್ಣುಮಗಳು ಕೊಟ್ರಬಸಮ್ಮ. ಆ ಬೆಳಿಗ್ಗೆ ಗಂಡ ಏಣಿಯ ಮೇಲಿದ್ದಾಗ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು, ಕೊಡಗಟ್ಟಲೆ ನೀರು ಹೊತ್ತು, ಪ್ರತಿ ಗಿಡವನ್ನೂ ತಲೆಯಿಂದ ಬುಡದವರೆಗೆ ತೊಳೆದರು. ದಾರಿಯ ಎರಡೂ ಕಡೆ ಸುಣ್ಣದ ಗೆರೆ ಎಳೆದು, ಗೇಟಿನ ಮುಂದೆ ರಂಗೋಲಿ ಹಾಕಿದರು. ಗಾದಿಲಿಂಗಪ್ಪ ಇಳಿದು ಬಂದು ನೋಡುತ್ತಾರೆ, ತೋಟ ಹದಿನೈದು ವರ್ಷದಲ್ಲಿ ಎಂದೂ ಹೊಳೆಯದಷ್ಟು ಹೊಳೆಯುತ್ತಿದೆ. ಕಣ್ಣು ಕೋರೈಸಿ ಎದುರಿನ ರಸ್ತೆಯಲ್ಲಿ ನಾಲ್ಕು ಲಾರಿಗಳು ಬ್ರೇಕು ಹಾಕಿ ನಿಂತಿವೆ.

"ಏನ್ ಮಾಡಿಬಿಟ್ಟಿ ಮಾರಾಯ್ತಿ."

"ದೊಡ್ಡೋರು ಬರಾಕತ್ತಾರ, ಗಿಡ ಹೊಲಸಿಟ್ರ ನನ್ನ ತವರಿನ ಮರ್ಯಾದಿ ಏನಾಕೈತ್ರಿ?"

ಅನುಸೂಯಾ ಜೀಪಿನಿಂದ ಇಳಿದು ಸುತ್ತ ನೋಡಿದರು. ಕೊಟ್ರಬಸಮ್ಮ ಅವರ ಕೈಗೆ ಮಲ್ಲಿಗೆಯ ಮಾಲೆ ಕೊಟ್ಟರು. ಶಂಭುಲಿಂಗರ ಮುಖ ದಾರಿಯ ಸುಣ್ಣದ ಬಣ್ಣಕ್ಕೆ ತಿರುಗಿತು.

"ಶಂಭುಲಿಂಗ ಅವರ, ಇಷ್ಟು ಚಂದದ ಪಾರ್ಕು ನಮ್ಮ ನಕ್ಷ್ಯಾಗ ಇನ್ನೊಂದಿಲ್ಲ. ಇದನ್ನ ಪಾರ್ಕ್ ಅಲ್ಲ ಅಂತ ನಾನು ಹೆಂಗ್ ಬರೀಲಿ?"

ಆಗ ಗಾದಿಲಿಂಗಪ್ಪ ಗುದ್ದಲಿ ತೆಗೆದುಕೊಂಡು ಹೋಗಿ ಎಲ್ಲಕ್ಕಿಂತ ಹಳೆಯ ದುಂಡುಮಲ್ಲಿಗೆಯನ್ನು ಬುಡಸಮೇತ ಎಬ್ಬಿಸಿ, ಮಣ್ಣು ಸೋರುವ ಬೇರನ್ನು ಎರಡೂ ಕೈಯಲ್ಲಿ ಹಿಡಿದು ಅಧಿಕಾರಿಯ ಮುಂದೆ ನಿಂತರು.

"ಬರಕೋರಿ ಮೇಡಂ, ಪಾರ್ಕ್ ಅಲ್ಲ. ನಾನು ಹಚ್ಚಿದ್ದು, ನಾನ ಕೀಳ್ತೀನಿ. ಆ ಟ್ರಾನ್ಸ್‌ಫಾರ್ಮರ್ ಈ ಬ್ಯಾಸಗಿ ತಡಿಯಂಗಿಲ್ಲ. ಅದು ಸುಟ್ರ ದವಾಖಾನಿಗೂ ಕರೆಂಟ್ ಇರಂಗಿಲ್ಲ."

ಕೊಟ್ರಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅನುಸೂಯಾ ಒಂದು ಗಳಿಗೆ ಗಿಡವನ್ನು, ಒಂದು ಗಳಿಗೆ ಅವರ ಮುಖವನ್ನು ನೋಡಿದರು.

"ಅದನ್ನ ತಿರುಗಿ ಹಚ್ಚಿರಿ," ಎಂದರು.

"ಯಾಕ್ರಿ?"

"ಆದೇಶ ಬರೂತನಕ ಇದು ಪಾರ್ಕು. ಪಾರ್ಕಿನ್ಯಾಗಿನ ಗಿಡ ಕಿತ್ರ ನಿಮ್ಮ ಮ್ಯಾಲ ಕ್ರಮ ತಗೋಬೇಕಾಗ್ತೈತಿ. ತಂತಿ ಐತಿ, ಕಂಬ ಐತಿ, ಅದನ್ನ ನಾನು ಬರಕೊಂಡೀನಿ. ಹೂವಿನ ಸುದ್ದಿ ನನ್ನ ವರದಿಯೊಳಗ ಇರಂಗಿಲ್ಲ. ಆದೇಶ ಬರೂತನಕ ನೀರು ಹಾಕ್ರಿ."

ಹೀಗಾಗಿ ಬೆಂಗಳೂರಿನಿಂದ ಆದೇಶ ಬರುವವರೆಗಿನ ಅಷ್ಟೂ ತಿಂಗಳು ಗಾದಿಲಿಂಗಪ್ಪ, ಕೀಳಲೆಂದೇ ಕಾದಿರುವ ತೋಟಕ್ಕೆ ಕಾನೂನಿನ ಭಯದಿಂದ ನೀರು ಹಾಕಿದರು. ಅಂಥ ಭಕ್ತಿಯ ನೀರು ಕುಡಿದ ಗಿಡಗಳು ಮಣಕಾಲು ದಾಟಿ, ಸೊಂಟ ದಾಟಿ, ಕೆಂಚಣ್ಣನ ಕಿಟಕಿಯೊಳಗೆ ಇಣುಕಿ ಮೀಟರು ಓದಲು ಶುರುಮಾಡಿದವು. ಮುದಿ ಟ್ರಾನ್ಸ್‌ಫಾರ್ಮರಿಗೆ ಒದ್ದೆ ಗೋಣಿಚೀಲ ಹೊದೆಸಿ, ಎರಡು ದೊಡ್ಡ ಫ್ಯಾನು ಇಟ್ಟು ಬೇಸಿಗೆ ದಾಟಿಸಿದರು. ಚಿತ್ತವಾಡ್ಗಿಯಲ್ಲಿ ಎಸಿ ಇಲ್ಲದವರ ಪೈಕಿ ಅಷ್ಟು ಗಾಳಿ ಕಂಡದ್ದು ಅದೊಂದೇ.

ಹೋದ ವಾರ ಆದೇಶ ಬಂದಿದೆ. ನಕ್ಷೆಯಲ್ಲಿ 'ಉದ್ಯಾನವನ'ದ ಮೇಲೆ ಗೀಟು ಬಿದ್ದಿದೆ, ನಾಳೆ ಬುನಾದಿ ತೋಡಲು ಯಂತ್ರ ಬರುತ್ತದೆ. ಆದೇಶ ಬಂದ ದಿನದಿಂದಲೇ ಗೇಟಿನ ಮುಂದೆ ಸಾಲು ನಿಂತಿದೆ. ಗಾದಿಲಿಂಗಪ್ಪ ಒಂದೊಂದೇ ಗಿಡ ಎಬ್ಬಿಸಿ, ಬೇರಿಗೆ ಒದ್ದೆ ಬಟ್ಟೆ ಸುತ್ತಿ ಕೊಡುತ್ತಿದ್ದಾರೆ. ಎಣ್ಣೆ ಡಬ್ಬಿ, ಬಣ್ಣದ ಡಬ್ಬಿ, ಒಡೆದ ಕೊಡ ಏನು ತಂದವರಿಗೂ ಇಲ್ಲವೆನ್ನುವುದಿಲ್ಲ, ಕೈಬೀಸಿಕೊಂಡು ಬಂದವರಿಗೆ ಮಾತ್ರ ಬೈಗುಳ. "ಕೈಯಾಗ ಹಚ್ಚತೀ ಏನ್ಲೇ ಗಿಡಾನ?" ಕೊಟ್ರಬಸಮ್ಮ ಪಕ್ಕದಲ್ಲಿ ನಿಂತು ಯಾವ ಗಿಡ ಯಾರ ಮನೆಗೆ ಹೋಯಿತೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದಾರೆ. ಮೊಗ್ಗಿನಲ್ಲಿ ಅರ್ಧ ಪಾಲು ತಮ್ಮದೆಂದು ಮೊದಲೇ ಹೇಳಿ ಒಪ್ಪಿಸಿದ್ದಾರೆ.

ಆ ಹಳೆಯ ದುಂಡುಮಲ್ಲಿಗೆ ಯಾರಿಗೆ ಎಂದರೆ ಗಾದಿಲಿಂಗಪ್ಪ ಮುಂದಿನ ಗಿಡದ ಬುಡಕ್ಕೆ ಗುದ್ದಲಿ ಹಾಕುತ್ತಾರೆ. ಅದು ನಿನ್ನೆಯೇ ಅನುಸೂಯಾ ಅವರ ಮನೆಗೆ ಸೈಕಲ್ಲಿನ ಮೇಲೆ ಹೋಗಿದೆ ಎಂದು ಕೆಂಚಣ್ಣ ಕಿಟಕಿಯಿಂದ ಪಿಸುಗುಡುತ್ತಾರೆ.

ಇಷ್ಟು ವರ್ಷದ ತೋಟ ಹಂಚಿ ಹೋಗುತ್ತಿದೆಯಲ್ಲ, ಬೇಸರವಿಲ್ಲವೇ ಎಂದು ಕೇಳಿದರೆ, ಗಾದಿಲಿಂಗಪ್ಪ ಕೈಯ ಮಣ್ಣು ಲುಂಗಿಗೆ ಒರೆಸಿಕೊಂಡು ಓಣಿಯ ಕಡೆ ನೋಡುತ್ತಾರೆ. ಮೊದಲ ದಿನ ಹೋದ ಗಿಡಗಳು ಆಗಲೇ ಕಟ್ಟೆಗಳ ಮೇಲೆ ಕೂತಿವೆ.

"ಮೊದ್ಲ ಕರೆಂಟ್ ಹೋತಂದ್ರ ಮಂದಿ ಗೇಟಿಗೆ ಬಂದು ಸೀದಾ ಬೈತಿದ್ರು. ಮೊನ್ನಿ ರಾತ್ರಿ ಹೋತಲ್ರಿ, ಬಂದ್ರು. 'ಗಾದಿಲಿಂಗಪ್ಪಾ, ನೀ ಕೊಟ್ಟಿದ್ದು ಚಿಗುರೈತಿ ನೋಡು' ಅಂದ್ರು. ಆಮ್ಯಾಲ ಬೈದ್ರು."