ಮತದಾರರ ಪಟ್ಟಿಯಲ್ಲಿ ಗಂಡು ನೋಡಿದ್ದು

ತಂಗಿ ‘ಆಗಬಹುದು’ ಎಂದದ್ದು ಪಾಣೆಮಂಗಳೂರಿನ ನಮ್ಮ ಅಡುಗೆಕೋಣೆಯಲ್ಲಿ, ಬಸಳೆಯ ದಂಟು ತುಂಡು ಮಾಡುತ್ತಾ. ತಲೆ ಎತ್ತಿ ಸಹ ಹೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಬಂದ ಒಂದೊಂದು ಸಂಬಂಧದ ಮಾತಿಗೂ ಅವಳು ‘ಬೇಡ’ ಎನ್ನುವ ಮೊದಲೇ ಎದ್ದು ಹೋಗುತ್ತಿದ್ದಳು. ಮೂಡುಬಿದಿರೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ, ಅಲ್ಲೇ ಒಂದು ಬಾಡಿಗೆ ಮನೆ, ಶನಿವಾರ ಸಂಜೆ ನಮ್ಮಲ್ಲಿಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ನಲವತ್ತು ದಾಟಿದವಳಿಗೆ ಇನ್ನು ಇದೇ ಬದುಕು ಎಂದು ನಾವು ಕೂಡ ಒಪ್ಪಿಕೊಂಡುಬಿಟ್ಟಿದ್ದೆವು. ಆ ದಿನ ಅವಳ ಬಾಯಿಂದ ಆ ಮಾತು ಬಂದಾಗ ನಾನು ಒಲೆಯ ಕಡೆ ತಿರುಗಿ ಸುಮ್ಮನೆ ಸಾರು ಕದಡಿದೆ. ಜಾಸ್ತಿ ಸಂತೋಷ ತೋರಿಸಿದರೆ ಮಾತು ಹಿಂದೆ ತೆಗೆದುಕೊಂಡಾಳೆಂಬ ಭಯ.

ಗಂಡು ಬೆಳ್ತಂಗಡಿಯವರು. ಗಲ್ಫಿನ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದು, ಊರಿಗೆ ಮರಳಿದ ಮೇಲೆ ಶಾಮಿಯಾನ, ಕುರ್ಚಿ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಿದ್ದರು. ಮೊದಲ ಮದುವೆ ಕೋರ್ಟಿನಲ್ಲಿ ಮುಗಿದಿದೆ, ಮಕ್ಕಳಿಲ್ಲ ಎಂದು ಸಂಬಂಧ ತಂದ ನಮ್ಮ ಚಿಕ್ಕಮ್ಮ ಹೇಳಿದ್ದರು. ಒಮ್ಮೆ ಮನೆಗೆ ಬಂದು, ಕೊಟ್ಟ ಅವಲಕ್ಕಿಯನ್ನು ಪೂರ್ತಿ ತಿಂದು, ತಟ್ಟೆಯನ್ನು ತಾವೇ ಎತ್ತಿ ಒಳಗಿಡಲು ಹೊರಟಿದ್ದರು. ತಂಗಿಗೆ ಹಿಡಿಸಿದ್ದು ಅದೇ ಇರಬೇಕು.

‘ಅಕ್ಕ, ನನಗೆ ಬೇರೆ ಏನೂ ಬೇಡ. ಇನ್ನೊಬ್ಬಳ ಹಕ್ಕು ಇರುವ ಮನೆಗೆ ಮಾತ್ರ ನಾನು ಹೋಗುವುದಿಲ್ಲ. ಅದೊಂದನ್ನು ಸರಿಯಾಗಿ ವಿಚಾರಿಸಿ’ ಎಂದಳು.

ವಿಚಾರಿಸುವ ಕೆಲಸವನ್ನು ನಮ್ಮ ಅಣ್ಣ ವಹಿಸಿಕೊಂಡ. ಅಣ್ಣ ಬಂಟ್ವಾಳದಲ್ಲಿ ವಿಮೆ ಮಾಡಿಸುವವನು. ಮರುದಿನವೇ ಕನ್ನಡಕ, ಫೋನು, ಚಾರ್ಜರು ಹಿಡಿದುಕೊಂಡು ಬಂದು ನಮ್ಮ ಊಟದ ಮೇಜಿನ ತುದಿಯಲ್ಲಿ ಕುಳಿತ. ಅಮ್ಮನ ಕಾಲದಲ್ಲಿ ಒಂದು ಮನೆಯ ಸಂಗತಿ ತಿಳಿಯಬೇಕಾದರೆ ಅದರ ಪಕ್ಕದ ಮನೆಗೆ ಹಸುವಿನ ಕರು ಕೇಳುವ ನೆಪದಲ್ಲಿ ಯಾರಾದರೂ ಹೋಗುತ್ತಿದ್ದರು. ನಾನು ಅದನ್ನು ನೆನಪಿಸಿದ್ದಕ್ಕೆ ಅಣ್ಣನಿಗೆ ನಗು.

‘ಕರು ಯಾಕೆ ಮಾರಾಯ್ತಿ? ಈಗ ಯಾರ ಬಗ್ಗೆಯೂ ಯಾರ ಹತ್ತಿರವೂ ಕೇಳ್ಲಿಕ್ಕಿಲ್ಲ. ಎಲ್ಲ ಸರ್ಕಾರದ ಸೈಟಿನಲ್ಲಿ ಉಂಟು. ಮನುಷ್ಯರು ಸುಳ್ಳು ಹೇಳ್ತಾರೆ. ರೆಕಾರ್ಡು ಹೇಳ್ತದಾ?’

ರೆಕಾರ್ಡು ಮೊದಲು ಬಾಯಿ ಬಿಡಬೇಕಲ್ಲ. ಪರದೆಯ ಮೇಲೆ ಮುರುಕು ಮುರುಕು ಅಕ್ಷರಗಳು ಬರುತ್ತಿದ್ದವು, ಅವನ್ನು ನೋಡಿ ಹಾಗೆಯೇ ಬರೆಯಬೇಕು. ಬರೆದರೆ ತಪ್ಪು ಎನ್ನುತ್ತಿತ್ತು. ನಾನು ಕೈಯ ಹಿಟ್ಟು ಒರೆಸಿಕೊಂಡು ಬಂದು ಓದಿ ಹೇಳುವುದು, ಅಣ್ಣ ಒತ್ತುವುದು, ಅಷ್ಟರಲ್ಲಿ ಸಮಯ ಮೀರಿತೆಂದು ಮೊದಲಿನ ಪುಟಕ್ಕೇ ಹಿಂದಿರುಗುವುದು. ದೋಸೆ ಕಾವಲಿಯಲ್ಲಿ ಕರಿಯಾಯಿತು. ಆ ವಾರವಿಡೀ ನಮ್ಮ ಮನೆಯಲ್ಲಿ ಸರಿಯಾದ ತಿಂಡಿಯಾಗಲಿಲ್ಲ.

ಜಮೀನಿನ ಪಹಣಿ ಸಿಕ್ಕಿತು. ಅವರ ಹೆಸರು ಇತ್ತು, ಆದರೆ ತಾಯಿ, ಅಕ್ಕ, ಸೋದರಮಾವಂದಿರ ಹೆಸರುಗಳ ಸಾಲಿನಲ್ಲಿ. ತಾಯಿಯ ಕಡೆಯಿಂದ ಆಸ್ತಿ ಬರುವ ನಮ್ಮಂಥವರಲ್ಲಿ ಅದು ಹಾಗೆಯೇ ಇರುತ್ತದೆ. ನಮ್ಮದೂ ಹಾಗೆಯೇ ಇದೆ. ಅಂಗಡಿಯ ಲೈಸೆನ್ಸು ನೋಡಿದರೆ ಅದು ಅವರ ಅಕ್ಕನ ಹೆಸರಿನಲ್ಲಿತ್ತು. ಕೋರ್ಟಿನ ಸೈಟು ಕೇಸಿನ ನಂಬರು ಕೇಳಿತು. ನಂಬರು ನಮಗೆಲ್ಲಿಂದ ಗೊತ್ತು? ಹೆಸರು ಹಾಕಿ ಹುಡುಕಿದಾಗ ಅದೇ ಹೆಸರಿನ ಯಾರೋ ಒಬ್ಬರು ಬೇಲಿಯ ಜಗಳದಲ್ಲಿ ಕಾಣಿಸಿಕೊಂಡರು. ಅಣ್ಣ ಅರ್ಧ ದಿನ ಆ ಬೇಲಿಯ ಹಿಂದೆ ಹೋದ. ಕೊನೆಗೆ ನೋಡಿದರೆ ಅವರು ಎಪ್ಪತ್ತು ದಾಟಿದ ಬೇರೆ ಯಾರೋ.

ಆಮೇಲೆ ಮತದಾರರ ಪಟ್ಟಿ. ಒಂದೊಂದೇ ಪುಟ ಸರಿಸುತ್ತಾ ಹೋದ ಅಣ್ಣ ಒಂದು ಕಡೆ ನಿಂತ. ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ದೂಡಿದ. ಅವರ ಹೆಸರು, ಮನೆ ನಂಬರು. ಅದರ ಪಕ್ಕದಲ್ಲೇ, ಅದೇ ಮನೆ ನಂಬರಿನಲ್ಲಿ, ಒಬ್ಬಳು ಹೆಂಗಸು. ಗಂಡನ ಹೆಸರು ಎಂಬಲ್ಲಿ ಅವರದೇ ಹೆಸರು.

‘ಅಂಗಡಿ ಅಕ್ಕನದ್ದು, ಜಾಗ ಎಲ್ಲರದ್ದು, ಹೆಂಡತಿ ಮನೆಯಲ್ಲಿ ಉಂಟು. ಹಾಗಾದರೆ ಇವನದ್ದು ಎಂತ ಉಂಟು?’ ಎಂದ.

‘ಅವರ ಹತ್ತಿರವೇ ಕೇಳುವ ಅಣ್ಣ. ಕೋರ್ಟಿನ ಕಾಗದ ಇರ್ತದಲ್ಲ, ತೋರಿಸ್ಲಿ.’

‘ಕಾಗದ ಯಾರು ಬೇಕಾದರೂ ಮಾಡಿಸಬಹುದು. ನಮಗೆ ಸೈಟಿನಲ್ಲಿ ಕಾಣಬೇಕು.’

ಶನಿವಾರ ತಂಗಿ ಬಂದಳು. ಅಣ್ಣ ಅವಳಿಗೆ ಆ ಪುಟ ತೋರಿಸಿದ. ಅವಳು ನೋಡಿ, ಚೀಲ ಎತ್ತಿಕೊಂಡು ಒಳಕೋಣೆಗೆ ಹೋದಳು. ಊಟಕ್ಕೆ ಕರೆದಾಗ ಬಂದು ಉಂಡಳು, ಪಾತ್ರೆ ತೊಳೆದಳು. ಎದ್ದು ಹೋಗುವ ಹಳೆಯ ತಂಗಿಯೇ ಮತ್ತೆ ಬಂದ ಹಾಗೆ ನನಗೆ ಕಾಣಿಸಿತು. ಅಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆ ಪುಟದ ಮೇಲೆ ಇನ್ನೂ ಹೆಚ್ಚು.

ಸಿಟ್ಟಿನಲ್ಲೇ ನಾನು ಕೋರ್ಟಿನ ಕಚೇರಿಗೆ ಹೋದೆ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದಾಗಿನಿಂದ ಇಳಿಯುವವರೆಗೂ ಏನು ಕೇಳಬೇಕೆಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ. ನಕಲು ಕೊಡುವ ಕಿಟಕಿಯಲ್ಲಿದ್ದವರು ತಾಳ್ಮೆಯ ಮನುಷ್ಯ. ಅದೇ ನನ್ನನ್ನು ಹೆಚ್ಚು ಕಾಡಿದ್ದು.

‘ಅಮ್ಮಾ, ನೀವು ಕೇಸಿನವರಾ?’

‘ಅಲ್ಲ. ಹುಡುಗಿಯ ಅಕ್ಕ.’

‘ವಿಚ್ಛೇದನ ಆದ ಹುಡುಗಿಯ ಅಕ್ಕನಾ?’

‘ಅಲ್ಲ, ಇನ್ನು ಮದುವೆ ಆಗ್ಲಿಕ್ಕಿರುವ ಹುಡುಗಿಯದ್ದು.’

‘ಹಾಗಾದರೆ ಆ ಕೇಸಿಗೂ ನಿಮಗೂ ಎಂತ ಸಂಬಂಧ?’

‘ಸಂಬಂಧ ಮಾಡ್ಲಿಕ್ಕೆ ಆಗ್ತದಾ ಅಂತಲೇ ಕೇಳ್ಲಿಕ್ಕೆ ಬಂದದ್ದು ಮಾರ್ರೆ!’

ಹಿಂದೆ ನಿಂತವರೊಬ್ಬರು ನಕ್ಕರು. ಗಂಡಹೆಂಡಿರ ಕೇಸಿನ ಕಾಗದ ಹೊರಗಿನವರಿಗೆ ಹಾಗೆಲ್ಲ ಕೊಡುವುದಿಲ್ಲ, ವಕೀಲರನ್ನು ಹಿಡಿದು ಅರ್ಜಿ ಹಾಕಬೇಕು, ಎಲ್ಲಕ್ಕೂ ಮೊದಲು ಕೇಸಿನ ನಂಬರು ಬೇಕು ಎಂದು ಕಿಟಕಿಯವರು ವಿವರಿಸಿದರು. ಮತ್ತೆ ನಂಬರು. ಯಾರಿಗೂ ಬೇಡದ ಬೇಲಿ ಜಗಳವನ್ನು ಲೋಕಕ್ಕೆಲ್ಲ ತೋರಿಸುತ್ತಾರೆ, ಒಬ್ಬಳ ಬದುಕು ನಿಂತಿರುವ ವಿಷಯಕ್ಕೆ ಬೀಗ. ಹಿಂದಿರುಗುವ ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ.

ನಾವು ಸುಮ್ಮನಾದದ್ದನ್ನು ನೋಡಿ ಬೆಳ್ತಂಗಡಿಯವರೇ ಮನೆಗೆ ಬಂದರು. ಚಿಕ್ಕಮ್ಮನ ಮೂಲಕ ವಿಷಯ ಕಿವಿಗೆ ಬಿದ್ದಿರಬೇಕು. ಆ ದಿನ ಭಾನುವಾರ, ನಾವು ಮೂವರೂ ಮನೆಯಲ್ಲಿದ್ದೆವು. ಕುಳಿತವರೇ ಪ್ಲಾಸ್ಟಿಕ್ ಕವರಿನಿಂದ ಕೋರ್ಟಿನ ತೀರ್ಪಿನ ನಕಲು ತೆಗೆದು ತಂಗಿಯ ಮುಂದಿಟ್ಟರು.

‘ಪಟ್ಟಿಯಲ್ಲಿ ಅವಳ ಹೆಸರು ಉಂಟು, ಹೌದು. ಅವಳು ಬೇರೆ ಮದುವೆಯಾಗಿ ಎಲ್ಲಿಯೋ ಇದ್ದಾಳೆ. ಆ ಹೆಸರು ತೆಗೆಸಬೇಕು ಅಂತ ನನಗೆ ಹೊಳೆಯಲೇ ಇಲ್ಲ’ ಎಂದರು. ಆಮೇಲೆ ಚಾವಡಿಯ ನೆಲ ನೋಡುತ್ತಾ, ‘ತಪ್ಪು ತಿಳಿಯಬೇಡಿ, ನಮ್ಮ ಅಕ್ಕ ಕೇಳ್ಲಿಕ್ಕೆ ಹೇಳಿದ್ದು. ಇವರ ಯಜಮಾನರು... ತೀರಿಕೊಂಡದ್ದು ಹೌದಲ್ವಾ?’

ಅಣ್ಣ ಕುರ್ಚಿಯಿಂದಲೇ ಎದ್ದ. ‘ಎಂತ ಮಾತು ಇದು? ಹೆಣಕ್ಕೆ ಹೆಗಲು ಕೊಟ್ಟವನು ನಾನು!’

‘ಅದಲ್ಲ ಮಾರ್ರೆ. ನಮ್ಮ ಅಕ್ಕನೂ ಪಟ್ಟಿ ನೋಡಿದ್ದಾಳೆ. ಅಳದಂಗಡಿ ಕಡೆಯ ಇವರ ಗಂಡನ ಮನೆ ನಂಬರಿನಲ್ಲಿ ಇಬ್ಬರೂ ಇದ್ದಾರೆ, ಗಂಡ, ಹೆಂಡತಿ. ಗಂಡ ಇರುವವಳನ್ನು ಹೇಗೆ ತರುವುದು ಅಂತ ಅವಳು ಕೂತಿದ್ದಾಳೆ.’

ನನಗೆ ನಗು ಬಂದು, ನಗುವ ಹೊತ್ತಲ್ಲವೆಂದು ತಿಳಿದು, ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ತಂಗಿ ಬೀರುವಿನಿಂದ ಮರಣ ಪ್ರಮಾಣಪತ್ರ ತಂದು ಕೊಟ್ಟಳು. ಅವರು ಅದನ್ನು ಓದಲಿಲ್ಲ, ಮಡಚಿ ಹಿಂದೆ ಕೊಟ್ಟರು. ತಮಗೆ ಬೇಕಿಲ್ಲ, ಆದರೆ ಪಟ್ಟಿಯಿಂದ ತೀರಿಹೋದವರ ಹೆಸರು ಹೋಗುವವರೆಗೆ ಅಕ್ಕ ಒಪ್ಪುವುದಿಲ್ಲ ಎಂದರು. ತಾವು ಗಲ್ಫಿನಲ್ಲಿದ್ದಾಗ ಅಂಗಡಿ ಹುಟ್ಟಿಸಿ ನಡೆಸಿದವಳು ಅಕ್ಕ. ಅವಳ ಮಾತು ಮೀರುವುದು ಕಷ್ಟ. ಅಣ್ಣನಂತೆಯೇ ಬೆಳ್ತಂಗಡಿಯಲ್ಲೂ ಒಬ್ಬಳು ಫೋನು ಹಿಡಿದು ಕುಳಿತಿದ್ದಾಳೆಂದು ಅಂದು ತಿಳಿಯಿತು.

ಹೆಸರು ತೆಗೆಸುವುದು ಕಷ್ಟವೇನಲ್ಲ ಎಂದ ಅಣ್ಣ. ಒಂದು ಅರ್ಜಿ, ಜೊತೆಗೆ ಪ್ರಮಾಣಪತ್ರ. ಆದರೆ ಇಷ್ಟು ವರ್ಷ ಅದು ಯಾಕೆ ಹೋಗಲಿಲ್ಲ ಎಂದು ಯಾರಿಗೂ ಅರ್ಥವಾಗಲಿಲ್ಲ. ತಂಗಿ ಪ್ರಮಾಣಪತ್ರವನ್ನು ಮತ್ತೆ ಬೀರುವಿನಲ್ಲಿಟ್ಟು ಬಂದಳು. ‘ಆಟಿಯಲ್ಲಿ ಅಳದಂಗಡಿಗೆ, ಅತ್ತೆಯ ಮನೆಗೆ ಹೋಗ್ಲಿಕ್ಕುಂಟು. ಆಗ ಮಾತಾಡ್ತೇನೆ. ಅಕ್ಕ, ನೀನೂ ಬಾ’ ಎಂದಳು.

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಬಡಿಸುತ್ತೇವೆ. ತಂಗಿ ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬಂದಳು, ನಾನು ಗುರುವಾಯನಕೆರೆಯ ಕಡೆಯಿಂದ. ಅವಳ ಅತ್ತೆ ಕೋಳಿ ಸಾರು, ರೊಟ್ಟಿ, ಕಡುಬು ಎಲ್ಲ ಮಾಡಿ ಮುಗಿಸಿದ್ದರು. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿದರು. ಮಾವನಿಗೊಂದು, ಹಿಂದಿನವರಿಗೆ ಕೆಲವು, ಕೊನೆಯದು ಮಗನಿಗೆ. ಮಗನ ಎಲೆಗೆ ಮಾತ್ರ ಉಪ್ಪಿನಕಾಯಿ ಎರಡು ಸಲ ಬಡಿಸಿದರು. ಬಾಗಿಲೆಳೆದು ನಾವೆಲ್ಲ ಹೊರಗೆ ಜಗಲಿಯಲ್ಲಿ ಕುಳಿತೆವು. ಅವರು ಉಣ್ಣುವಾಗ ಯಾರೂ ನೋಡಬಾರದು.

ತಂಗಿ ಬಾಯಿ ತೆರೆಯುವುದನ್ನೇ ನಾನು ಕಾಯುತ್ತಿದ್ದೆ. ಅವಳು ಸೆರಗಿನ ತುದಿ ಸುತ್ತುತ್ತಾ ಕುಳಿತಳು. ಕೊನೆಗೆ ತಡೆಯಲಾರದೆ ನಾನೇ ಸುತ್ತುಬಳಸಿ ಪಟ್ಟಿಯ ಮಾತು ತೆಗೆದೆ.

‘ಬಂದಿದ್ದಳು ಆ ಅಂಗನವಾಡಿ ಟೀಚರು, ವೋಟಿನ ಪಟ್ಟಿ ಹಿಡಿದುಕೊಂಡು,’ ಎಂದರು ಅತ್ತೆ. ‘ಮನೆಯಲ್ಲಿ ಯಾರೆಲ್ಲ ಇದ್ದಾರೆ ಅಂತ ಹೆಸರು ಓದಿದಳು. ಮಗನ ಹೆಸರು ಓದಿದಾಗ ಇದ್ದಾನೆ ಅಂದೆ. ವರ್ಷ ವರ್ಷ ಎಲೆ ಹಾಕಿ ಬಡಿಸುವ ಮನೆಯಲ್ಲಿ ಕೂತು ಇಲ್ಲ ಅಂತ ಹೇಗೆ ಹೇಳುವುದು ಮಗಾ?’

‘ಟೀಚರಿಗೆ ಗೊತ್ತಿರಲಿಲ್ವಾ?’

‘ಗೊತ್ತುಂಟು. ಅವಳ ಮನೆಯಲ್ಲೂ ಬಡಿಸ್ತಾರಲ್ಲ.’

ಬಾಗಿಲು ತೆರೆದು ಎಲೆ ಎತ್ತಿದೆವು, ಉಂಡೆವು. ಬಸ್ ಸ್ಟಾಪಿಗೆ ನಡೆಯುವಾಗ ಕೊಡೆಯಡಿಯಲ್ಲಿ ತಂಗಿಯ ಮೇಲೆ ರೇಗಿದೆ. ‘ನಿನಗೆ ಮೊದಲೇ ಗೊತ್ತಿತ್ತು.’

‘ಗೊತ್ತಿತ್ತು.’

‘ಹಾಗಾದರೆ ಕೇಳುವ ಅಂತ ಯಾಕೆ ಬಂದೆ?’

‘ಕೇಳ್ಲಿಕ್ಕೇ ಬಂದದ್ದು. ಎರಡನೇ ಸಲ ಉಪ್ಪಿನಕಾಯಿ ಬಡಿಸಿದರಲ್ಲ, ಮತ್ತೆ ಬಾಯಿ ಬರಲಿಲ್ಲ.’

ಅಣ್ಣನಿಗೆ ಹೇಳಿದಾಗ ಅವನು ತಲೆಗೆ ಕೈ ಹೊತ್ತ. ಅತ್ತೆಗೆ ಹೇಳದೆಯೇ ಅರ್ಜಿ ಹಾಕುವ, ಫೋನಿನಲ್ಲೇ ಆಗ್ತದೆ, ಅವರಿಗೆ ತಿಳಿಯುವುದೇ ಇಲ್ಲ ಎಂದ. ತಂಗಿ ಒಪ್ಪಲಿಲ್ಲ. ತೆಗೆಯಲು ಅರ್ಜಿ ಹೋದರೆ ಅದೇ ಟೀಚರು ಮತ್ತೆ ಅದೇ ಜಗಲಿಗೆ ವಿಚಾರಿಸಲು ಹೋಗುತ್ತಾಳೆ ಎಂದಳು. ಇತ್ತ ಬೆಳ್ತಂಗಡಿಯಿಂದ ಚಿಕ್ಕಮ್ಮನಿಗೆ ಫೋನಿನ ಮೇಲೆ ಫೋನು: ಹೆಸರು ಹೋಯಿತಾ? ಹೊಸ ಪಟ್ಟಿ ಯಾವಾಗ? ಇಬ್ಬರ ಕಾಗದವೂ ಸರಿಯಾಗಿದೆ, ಇಬ್ಬರಿಗೂ ಮನಸ್ಸಿದೆ. ಆದರೂ ಮದುವೆ ಒಂದು ಹೆಜ್ಜೆ ಮುಂದೆ ಹೋಗದು. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ನನಗೆ ತಿಳಿಯದ ದಿನಗಳವು. ಸತ್ತವರ ಮೇಲೆ ಮಾಡಲಾಗದು, ಅತ್ತೆಯ ಮೇಲೆಯೂ ಆಗದು. ಮಿಕ್ಸಿಯ ಮುಚ್ಚಳವನ್ನು ಜೋರಾಗಿ ಹಾಕುತ್ತಿದ್ದೆ.

ಆಟಿ ಕಳೆದ ಮೇಲೆ ಒಂದು ಶನಿವಾರ ತಂಗಿ ಬಂದವಳೇ ಅಣ್ಣನಿಗೆ, ‘ಒಂದು ಅರ್ಜಿ ಹಾಕ್ಲಿಕ್ಕುಂಟು, ಫೋನು ಕೊಡು’ ಎಂದಳು. ಅವನು ಖುಷಿಯಿಂದ ಕೊಟ್ಟ.

‘ಕಡೆಗೂ ಬುದ್ಧಿ ಬಂತು. ಅವನ ಹೆಸರು ತೆಗೆಸುವುದೇ ಅಲ್ವಾ?’

‘ಅವರ ಹೆಸರು ಅಲ್ಲೇ ಇರ್ಲಿ. ನನ್ನದು ಅಲ್ಲಿಂದ ಮೂಡುಬಿದಿರೆಗೆ ತರ್ತೇನೆ. ನಾನು ಅಲ್ಲಿ ಇಲ್ಲ ಅಲ್ವಾ? ಅದು ನಿಜವೇ.’

ಮೇಜಿನ ಬಳಿ ಕುಳಿತು ತುಂಬಿಸಿದಳು. ಸಂಬಂಧಿಕರ ಹೆಸರು ಎಂಬಲ್ಲಿ ತಂದೆ, ತಾಯಿ, ಗಂಡ ಎಂದು ಕೇಳಿತು. ಅವಳು ಸ್ವಲ್ಪ ಹೊತ್ತು ನೋಡಿ ತಾಯಿ ಎಂಬುದನ್ನು ಒತ್ತಿ ಅಮ್ಮನ ಹೆಸರು ಬರೆದಳು. ಕಳುಹಿಸಿದಾಗ ಸೈಟು ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ಹೋಯಿತು.

‘ಇದು ಪಟ್ಟಿಯಲ್ಲಿ ಬರ್ಲಿಕ್ಕೆ ಎಷ್ಟು ಕಾಲ ಬೇಕೋ’ ಎಂದ ಅಣ್ಣ. ‘ಬೆಳ್ತಂಗಡಿಯವರ ಅಕ್ಕ ಅಷ್ಟರವರೆಗೆ ಬಿಡುವುದಿಲ್ಲ.’

‘ಪಟ್ಟಿ ಬರುವವರೆಗೆ ನಾನು ಕಾಯುವುದಿಲ್ಲ. ಅವರ ಅಕ್ಕನನ್ನು ಅವರು ನೋಡಿಕೊಳ್ಳಲಿ. ನನ್ನ ಅಣ್ಣನನ್ನು ಇಷ್ಟು ದಿನ ನಾನು ನೋಡಿಕೊಳ್ಳಲಿಲ್ವಾ?’

ಅಣ್ಣ ಏನೋ ಹೇಳಹೊರಟು ಫೋನಿನ ಗಾಜು ಒರೆಸತೊಡಗಿದ. ತಂಗಿ ನನ್ನ ಕಡೆ ತಿರುಗಿದಳು. ‘ಅಕ್ಕ, ಅವರಿಗೆ ಫೋನ್ ಮಾಡು. ಸೋಮವಾರ ನಾನು ರಜೆ ಹಾಕ್ತೇನೆ. ದಿನ ನೋಡುವ, ಊಟಕ್ಕೆ ಬರ್ಲಿಕ್ಕೆ ಹೇಳು. ಆಗ್ತದಾ ಇಲ್ವಾ ಅಂತ ಅವರ ಬಾಯಿಂದಲೇ ಕೇಳಬೇಕು.’

ಮಾಡಿದೆ. ಆಚೆ ಕಡೆ ಪಾತ್ರೆಗಳನ್ನು ಲಾರಿಯಿಂದ ಇಳಿಸುವ ಸದ್ದು. ದಿನ ನೋಡಲು ಬನ್ನಿ ಎಂದಾಗ ಅವರು, ‘ಈ ಸಲ ಯಾವ ಕಾಗದ ತರಬೇಕು?’ ಎಂದು ಕೇಳಿದರು. ತಮಾಷೆಯೋ, ಅವರಿಗೂ ನನ್ನಂತೆಯೇ ಸಾಕಾಗಿತ್ತೋ, ದನಿಯಲ್ಲಿ ತಿಳಿಯಲಿಲ್ಲ. ನನಗಾದರೋ ಆಗ ಬೇರೆಯೇ ಚಿಂತೆ. ಸೋಮವಾರ ಮೀನು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಇಷ್ಟೆಲ್ಲ ಹುಡುಕಿದ ನಮಗೆ ಅದೊಂದು ಗೊತ್ತಿರಲಿಲ್ಲ.

‘ಕಾಗದ ಇರಲಿ. ಸೋಮವಾರ ನೀವು ಮೀನು ತಿನ್ತೀರಾ?’

‘ಮನೆಯಲ್ಲಿ ಮಾಡುವುದಿಲ್ಲ. ಅಕ್ಕ ಬಿಡುವುದಿಲ್ಲ’ ಎಂದರು. ಪಾತ್ರೆಗಳ ಸದ್ದು ಸ್ವಲ್ಪ ದೂರವಾಯಿತು. ಫೋನು ಹಿಡಿದು ಆಚೆಗೆ ನಡೆದಿರಬೇಕು. ‘ನೀವು ಮಾಡಿ. ನಾನು ತಿನ್ತೇನೆ. ಅಕ್ಕನಿಗೆ ನಾನೇ ಹೇಳ್ತೇನೆ.’