ಕಳಿಸಿದವರ ಹೆಸರು

ಮೊಡೆಮ್ ಕೂಗುತ್ತಿದ್ದ ಸದ್ದು ಈಗ ಎಷ್ಟು ಜನಕ್ಕೆ ನೆನಪಿದೆಯೋ. ಮೊದಲು ಫೋನಿನ ಉದ್ದನೆಯ ಗುಂಯ್, ಆಮೇಲೆ ತಗಡಿನ ಮೇಲೆ ಮೊಳೆ ಎಳೆದಂತೆ ಕಿರ್ರ್, ಕೊನೆಗೆ ಸುಸ್ತಾಗಿ ಉಸಿರು ಬಿಟ್ಟಂತೆ ಒಂದು ಭುಸ್. ಆ ಭುಸ್ ಬಂದರೆ ಲೈನ್ ಸಿಕ್ಕಿತು ಅಂತ. ನಮ್ಮ ದಿನ ಶುರುವಾಗುತ್ತಿದ್ದದ್ದೇ ಅಲ್ಲಿಂದ.

ಸ್ಟೇಶನ್ ಬಜಾರಿನಲ್ಲಿ ಒಂದು ಲಾಡ್ಜಿನ ಕೆಳಗೆ ನಮ್ಮ ಆಫೀಸು. ದೇಶದೇಶಗಳಲ್ಲಿ ಕೌಂಟರ್ ಇದ್ದ ದೊಡ್ಡ ಹಣ ರವಾನೆ ಕಂಪನಿ. ದುಬೈಯಲ್ಲಿ ಗಾರೆ ಕೆಲಸದವನು ಬೆಳಿಗ್ಗೆ ಕಟ್ಟಿದ ದುಡ್ಡನ್ನು ಅವನ ಮನೆಯವರು ಮಧ್ಯಾಹ್ನ ಇಲ್ಲಿ ಪಡೆಯುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅದು ನಮಗೆಲ್ಲ ಒಂದು ಮಿರಾಕಲ್.

ನನಗೆ ನಲವತ್ತು ದಾಟಿದ ಮೇಲೆ ಆ ಕೆಲಸ ಸಿಕ್ಕಿದ್ದು ಕಾನ್ವೆಂಟಿನ ಇಂಗ್ಲಿಷಿನಿಂದ. ಕಂಪನಿಯ ದಪ್ಪ ಮ್ಯಾನ್ಯುಯಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಬಹುಶಃ ನಾನೊಬ್ಬಳೇ. ಹಣ ಪಡೆಯುವವರು ಕಳಿಸಿದವರ ಹೆಸರನ್ನು ತಾವೇ ಬಾಯಿಬಿಟ್ಟು ಹೇಳಬೇಕು, ನಾವು ಸುಳಿವು ಕೊಡಕೂಡದು: ‘ನೆವರ್ ಪ್ರಾಂಪ್ಟ್ ದ ಕಸ್ಟಮರ್.’ ಬರೆದ ಪುಣ್ಯಾತ್ಮರಿಗೆ ನಮ್ಮ ಕಡೆಯ ಹೆಂಗಸರು ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೂರು ಗಂಟೆಗೆ ಕಮಲಾಪುರದ ಹೆಣ್ಣುಮಗಳೊಬ್ಬಳು ಬಂದಳು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ನಾಲ್ಕು ಗಂಟೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರಿಗೆ. ಮಗಳನ್ನು ಕಾಲೇಜಿನ ಕಟ್ಟೆಯ ಮೇಲೆ ಕೂಡಿಸಿ ತಾನೊಬ್ಬಳೇ ಆಟೋ ಹಿಡಿದು ಬಂದಿದ್ದಳು. ರವಾನೆ ನಂಬರಿನ ಚೀಟಿ ಸರಿ ಇತ್ತು. ರೇಶನ್ ಕಾರ್ಡೂ ಇತ್ತು.

“ಕಳಿಸಿದವರ ಹೆಸರೇನ್ರೀ?” ಎಂದೆ.

“ನಮ್ಮ ಮನ್ಯಾವ್ರು.”

“ಹೆಸರು ಬೇಕಲ್ರೀ.”

“ನನ್ನ ಮಗಳ ಅಪ್ಪ ರೀ.” ಆಮೇಲೆ ರೇಶನ್ ಕಾರ್ಡು ನನ್ನತ್ತ ತಿರುಗಿಸಿ, “ಇಲ್ಲೇ ಬರದಾರ ನೋಡ್ರಿ” ಎಂದು ಬೆರಳಿಟ್ಟಳು. ಓದು ಬಾರದು ಪಾಪ. ಬೆರಳು ಬಿದ್ದದ್ದು ರೇಶನ್ ಅಂಗಡಿಯ ನಂಬರಿನ ಮೇಲೆ.

ಸಾಲಿನಲ್ಲಿದ್ದ ಒಬ್ಬ ಹಿರಿಯರು, “ಹೇಳಿಬಿಡ್ರಿ ಅಕ್ಕಾ, ನಾವೆಲ್ಲ ಕಾನ್ ಬಂದ್ ಮಾಡ್ಕೋತೀವಿ” ಎಂದು ನಿಜವಾಗಿಯೂ ಕಿವಿಗೆ ಬೆರಳಿಟ್ಟುಕೊಂಡರು.

“ನೀವು ಮುಚ್ಕೊಂಡ್ರ ಏನಾತ್ರಿ ಕಾಕಾ, ನನ್ನ ಕಿವಿ ಕೇಳ್ತಾವಲ್ಲ” ಎಂದಳು ಅವಳು.

ಹೈದರಾಬಾದಿನಿಂದ ಬಂದಿದ್ದ ಮ್ಯಾನೇಜರ್, ನನ್ನ ತಮ್ಮನ ವಯಸ್ಸಿನವರು, ಹಿಂದೆ ಬಂದು ನಿಂತರು. “ರೂಲ್ ಈಸ್ ರೂಲ್, ಮೇಡಮ್. ಯೋಚನೆ ಮಾಡಿ ನಾಳೆ ಬರಲಿ.”

“ನಾಳಿಗೆ ಸೀಟ್ ಇರಂಗಿಲ್ರಿ ಸಾಹೇಬ್ರ” ಎಂದವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು. ಆ ಗಂಡ ದುಬೈಯಲ್ಲಿ ಹತ್ತನೇ ಮಹಡಿಯ ಸಾರುವೆ ಕಟ್ಟಿಗೆಯ ಮೇಲೆ ನಿಂತು ಗೋಡೆಗೆ ಗಿಲಾಯಿ ಮಾಡುವವನು. ಅವಳಿಗೆ ಹೇಗೆ ಒತ್ತಾಯ ಮಾಡಲಿ?

ಆಗ ನನಗೆ ನನ್ನ ಮದುವೆ ನೆನಪಾಯಿತು. ನಮ್ಮ ಮನೆಗಳಲ್ಲಿ ಮರಾಠಿ ಕನ್ನಡ ಎರಡೂ ನಡೆಯುತ್ತವೆ. ಹೊಸ್ತಿಲಲ್ಲಿ ಹೆಂಗಸರು ದಾರಿ ಕಟ್ಟಿ, ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಹಟ ಹಿಡಿದಿದ್ದರು. ಎರಡು ಸಾಲು ಪ್ರಾಸ ಕಟ್ಟಿ, ಅದರ ತುದಿಗೆ ಹೆಸರು ಸೇರಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸಿದ್ದರೇ ಹೊರತು ಒಡಪು ಎಲ್ಲಿಂದ ಕಲಿಸಬೇಕು? ಹೆಸರನ್ನು ನೆಟ್ಟಗೆ, ಇನಿಶಿಯಲ್ ಸಮೇತ ಹೇಳಿಬಿಟ್ಟಿದ್ದೆ. “ಹುಡುಗಿ ಹಾಜರಿ ತಗೊಂಡ್ಳು ನೋಡ್ರೆ” ಎಂದು ಅತ್ತೆ ವರ್ಷಗಟ್ಟಲೆ ಚೇಷ್ಟೆ ಮಾಡುತ್ತಿದ್ದರು.

“ಒಡಪು ಹಾಕಿ ಹೇಳ್ರಿ. ನಿಮ್ಮ ಲಗ್ನದಾಗ ಹೇಳಿದಂಗ” ಎಂದೆ.

“ಇಲ್ಲೇನ್ರಿ?”

“ಇಲ್ಲೇ.”

ಮ್ಯಾನೇಜರ್ ಹುಬ್ಬೇರಿಸಿದರು. “ಐ ಆಮ್ ನಾಟ್ ಪ್ರಾಂಪ್ಟಿಂಗ್, ಸರ್. ಹೆಸರನ್ನು ಅವರೇ ಹೇಳುತ್ತಾರೆ” ಎಂದೆ, ಶಾಲೆಯಲ್ಲಿ ಕಲಿತ ಗಂಭೀರ ದನಿಯಲ್ಲಿ.

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ನೆಲ ನೋಡುತ್ತ, ಆದರೆ ಸ್ಪಷ್ಟವಾಗಿ, ಅಂದಳು:

“ಕೆಂಪ ಬಾಳಿಹಣ್ಣ ತುಂಬೇನಿ ಬಿದಿರಿನ ಬುಟ್ಟಿ,
ಸಮುದ್ರ ದಾಟಿ ಹೋಗ್ಯಾರ ರೊಟ್ಟಿ ಗಂಟ ಕಟ್ಟಿ…”

ಆಮೇಲೆ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಪರದೆಯ ಮೇಲಿದ್ದ ಹೆಸರಿಗೆ ಅಕ್ಷರಕ್ಕಕ್ಷರ ಹೊಂದಿತು. ಪ್ರಿಂಟರ್ ರಸೀದಿ ಕಾರತೊಡಗಿತು. ಕಿವಿ ಮುಚ್ಚಿಕೊಂಡಿದ್ದ ಹಿರಿಯರು “ವ್ಹಾ” ಅಂದರು; ಎಲ್ಲ ಕೇಳಿಸಿಕೊಂಡಿದ್ದರು. ಮ್ಯಾನೇಜರ್ ತಾವೇ ಹೊರಗೆ ಹೋಗಿ ಆಟೋ ನಿಲ್ಲಿಸಿದರು. ಆಗ ಮೂರೂವರೆ.

ಮುಂದಿನ ತಿಂಗಳು ಬಂದವಳು ಸೀಟು ಉಳಿದ ಸುದ್ದಿ ತಂದಳು, ಕಮಲಾಪುರದ ನಾಲ್ಕು ಕೆಂಪು ಬಾಳೆಹಣ್ಣು ತಂದಳು, ಹೊಸ ಒಡಪನ್ನೂ ತಂದಳು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಕಟ್ಟುತ್ತೇನೆ ಅನ್ನುತ್ತಿದ್ದಳು. ಮೂರು ವರ್ಷ ಪ್ರತಿ ತಿಂಗಳೂ ಆ ಹೆಸರು ನನ್ನ ಕಿವಿಗೆ ಬಿತ್ತು. ಮುಖ ನೋಡಿರದ ಮನುಷ್ಯ. ಆದರೂ ಒಂದು ತಿಂಗಳು ಅವಳು ಬರುವುದು ನಾಲ್ಕು ದಿನ ತಡವಾದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಒಡಪು ಕೇಳಲೆಂದೇ ಸಾಲಿನವರು ಅವಳನ್ನು ಮುಂದೆ ಬಿಡುತ್ತಿದ್ದರು. ಆಮೇಲೆ ಬ್ಯಾಂಕ್ ಖಾತೆಗೇ ನೇರ ದುಡ್ಡು ಬರುವಂತಾಯಿತು. ಅವಳು ಬರುವುದು ನಿಂತಿತು. ಸಾಲೂ ಕರಗಿತು. ನನ್ನ ಕೌಂಟರನ್ನು ಮುಚ್ಚಿದಾಗ ಮೊಡೆಮ್ ಅದಾಗಲೇ ಮೂಲೆ ಸೇರಿತ್ತು.

ಅವಳನ್ನು ಕೊನೆಯ ಸಲ ನೋಡಿದ್ದು ಕಮಲಾಪುರದ ಬಸ್ ನಿಲ್ದಾಣದಲ್ಲಿ. ನಾನು ಹುಮನಾಬಾದಿಗೆ ಹೊರಟಿದ್ದೆ. ಕಿಟಕಿಯಲ್ಲಿ ನನ್ನನ್ನು ಕಂಡು ಓಡಿ ಬಂದಳು. ಹಿಂದೆ ಬಿಸಿಲಿಗೆ ಕಂದಿದ, ತಲೆ ನರೆತ ಗಂಡಸೊಬ್ಬ, ಕೈಯಲ್ಲಿ ಅವಳ ಚೀಲ.

“ಪೂರಾ ಬಂದಬಿಟ್ಟಾರ್ರಿ. ಇನ್ನ ಹೋಗಂಗಿಲ್ಲ” ಎಂದಳು.

ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಬೆನ್ನು ನೆಟ್ಟಗೆ ಮಾಡಿ, ಕೌಂಟರಿನ ದನಿಯಲ್ಲೇ ಕೇಳಿದೆ: “ಕಳಿಸಿದವರ ಹೆಸರೇನ್ರೀ?”

ಅವಳು ನಕ್ಕು ಸೆರಗು ಸರಿಮಾಡಿಕೊಂಡಳು. ಗಂಡಸು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ನೆಲ ನೋಡಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸಿನ ಸದ್ದಿನಲ್ಲಿ ನನಗೆ ಕಂಡದ್ದು ಅವಳ ತುಟಿಗಳಷ್ಟೇ: ಮೊದಲ ಸಾಲು, ಎರಡನೆಯ ಸಾಲು, ಆಮೇಲೆ ಹೆಸರು.