ಫ್ರೇಮಿಗೆ ಬೇಡವಾದ ಡಬ್ಬ

ಕುವೈತಿನಲ್ಲಿ ನಾನಿದ್ದ ಹದಿನೆಂಟು ವರ್ಷಗಳಲ್ಲಿ ಒಂದೇ ಒಂದು ಸಲ ನನ್ನ ಫೋಟೋಕ್ಕೆ ಬಹುಮಾನ ಬಂದಿದೆ. ಆ ಫೋಟೋವನ್ನು ಯಾರಾದರೂ ಹೊಗಳಿದರೆ ನಾನು ಇವತ್ತಿಗೂ ಮಾತು ಬದಲಿಸುತ್ತೇನೆ. ವಿನಯ ಎಂದು ತಿಳಿದವರಿದ್ದಾರೆ. ವಿನಯ ಅಲ್ಲ, ನಾಚಿಕೆ.

ತೊಂಬತ್ತರ ದಶಕದ ಕೊನೆಯ ಮಾತು. ಅಬು ಹಲೀಫಾದಲ್ಲಿ ಎರಡು ಕೋಣೆಯ ಮನೆ, ಸರಕು ಸಾಗಿಸುವ ಕಂಪನಿಯೊಂದರಲ್ಲಿ ಗುಮಾಸ್ತಿಕೆ. ಶುಕ್ರವಾರ ರಜೆ ಬಂತೆಂದರೆ ಉಳಿದವರು ಕ್ರಿಕೆಟ್ಟಿಗೆ ಹೋಗುತ್ತಿದ್ದರು, ನಾನು ಕ್ಯಾಮೆರಾ ಹೆಗಲಿಗೇರಿಸಿ ಹಳೆಯ ಚರ್ಚು, ಹಳೆಯ ಸಮಾಧಿ ಹುಡುಕಿಕೊಂಡು ಹೊರಡುತ್ತಿದ್ದೆ. ನಾನು ಕ್ರಿಶ್ಚಿಯನ್ ಅಲ್ಲ, ತುಳು ಮಾತಾಡುವ ಹಿಂದೂ ಮನೆಯವನು. ಆದರೆ ಊರಿನಲ್ಲಿ ನಮ್ಮ ಬೇಲಿಯಾಚೆಗೇ ಇಗರ್ಜಿ ಇತ್ತು. ಅದರ ಸ್ಮಶಾನದ ಗೋಡೆ ಹಾರಿ ಚೆಂಡು ಹೆಕ್ಕುತ್ತ ಬೆಳೆದವನು ನಾನು. ಎಲ್ಲವೂ ನಿನ್ನೆ ಮೊನ್ನೆ ಕಟ್ಟಿದಂತಿದ್ದ ಆ ದೇಶದಲ್ಲಿ ಸ್ವಲ್ಪ ಹಳತು ಕಂಡರೂ ಸಾಕು, ಜೀವಕ್ಕೆ ಹಾಯೆನಿಸುತ್ತಿತ್ತು. ಅಹ್ಮದಿಯ ಪುಟ್ಟ ಇಗರ್ಜಿ, ಫೈಲಕಾ ದ್ವೀಪದಲ್ಲಿ ಅಗೆದು ತೆಗೆದ ಚರ್ಚಿನ ತಳಪಾಯ ಎಲ್ಲ ನನ್ನ ರೋಲುಗಳಲ್ಲಿದ್ದವು. "ಇವರಿಗೆ ಜೀವ ಇರುವವರ ಫೋಟೋ ತೆಗ್ಲಿಕ್ಕೆ ಬರುದಿಲ್ಲ" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದಳು.

ನನಗಿದ್ದ ರೋಗವೆಂದರೆ ಫ್ರೇಮ್ ಕ್ಲೀನ್ ಇರಬೇಕು. ತಂತಿ, ನೀರಿನ ಬಾಟಲಿ, ಪ್ಲಾಸ್ಟಿಕ್ ಹೂವು ಏನು ಅಡ್ಡ ಬಂದರೂ ಮೈ ಉರಿಯುತ್ತಿತ್ತು. ಎತ್ತಿ ಬದಿಗಿಟ್ಟೇ ಬಟನ್ ಒತ್ತುತ್ತಿದ್ದೆ. ಅದನ್ನು ಕಲೆ ಎಂದುಕೊಂಡಿದ್ದೆ.

ನಮ್ಮ ಎದುರು ಮನೆಯಲ್ಲಿ ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್ ದಂಪತಿ ಇದ್ದರು. ನಮ್ಮ ಕಡೆಯ ರೂಢಿಯಂತೆ ಗಂಡನನ್ನು ನಾನು ಪೊರ್ಬುಗಳು ಎಂದೂ ಹೆಂಡತಿಯನ್ನು ಬಾಯಮ್ಮ ಎಂದೂ ಕರೆಯುತ್ತಿದ್ದೆ. ಪೊರ್ಬುಗಳಿಗೆ ಆಫೀಸು ಕೆಲಸ, ಬಾಯಮ್ಮ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಐದಾರು ವರ್ಷ, ಮಕ್ಕಳಿಲ್ಲ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಊರಾಚೆಯ ಕ್ರಿಶ್ಚಿಯನ್ ಸ್ಮಶಾನಕ್ಕೆ ಒಬ್ಬನೇ ಹೋದರೆ ನನ್ನನ್ನು ಒಳಗೆ ಬಿಡುವುದಿಲ್ಲವೆಂದು ಒಮ್ಮೆ ಗೊಣಗಿದ್ದೆ. ಪೊರ್ಬುಗಳು, "ನಾನು ಕರ್ಕೊಂಡು ಹೋಗ್ತೇನೆ, ಬನ್ನಿ" ಎಂದರು.

ಮರುವಾರ ಬೆಳಿಗ್ಗೆ ಬೇಗನೆ ಹೋದೆವು. ಅವರು ಒಳಗೆ ಬರಲಿಲ್ಲ. ಕಾವಲುಗಾರನ ಹತ್ತಿರ ಮಾತಾಡುತ್ತ ಗೇಟಿನ ಬಳಿಯೇ ನಿಂತರು. ಬಿಸಿಲಿಗೆ ಹೆದರಿದ್ದಾರೆ ಎಂದುಕೊಂಡೆ.

ಹಿಂದಿನ ಗೋಡೆಯ ಬುಡದಲ್ಲಿ ಮಕ್ಕಳ ಸಾಲು. ಕಲ್ಲಿಲ್ಲ, ಶಿಲುಬೆಯಿಲ್ಲ, ಮೊಳದುದ್ದದ ಮರಳ ದಿಬ್ಬಗಳು. ತಲೆಯ ಕಡೆ ನೆಟ್ಟ ತಗಡಿನ ಮೇಲೆ ನಂಬರ್ ಬರೆದಿದ್ದರಂತೆ. ಎರಡು ಬೇಸಗೆಗೆ ಬಣ್ಣ ಹೋಗಿ ತಗಡು ಮಾತ್ರ ಉಳಿದಿತ್ತು. ಎಳೆಬಿಸಿಲು ಅಡ್ಡಡ್ಡ ಬಿದ್ದು ಪ್ರತಿ ದಿಬ್ಬಕ್ಕೂ ಉದ್ದನೆಯ ನೆರಳು. ಕ್ಯಾಮೆರಾ ಕಣ್ಣಿಗೇರಿಸಿದೆ, ಅಂಥ ಫ್ರೇಮು. ಆದರೆ ನಟ್ಟನಡುವೆ, ಗೋಡೆಯ ಕಂಬದಿಂದ ಸ್ವಲ್ಪ ಎಡಕ್ಕಿದ್ದ ದಿಬ್ಬದ ಮೇಲೆ ತುಕ್ಕು ಹಿಡಿದ ಒಂದು ಹಾಲಿನ ಪುಡಿಯ ಡಬ್ಬ. ಒಂದು ಫೋಟೋ ತೆಗೆದೆ. ಡಬ್ಬ ಕಣ್ಣಿಗೆ ಚುಚ್ಚಿತು. ಹೋಗಿ ಎತ್ತಿದೆ, ಭಾರವಿತ್ತು. ಒಳಗೆ ಕಡಲದಂಡೆಯ ಮರುವಾಯಿ ಚಿಪ್ಪು ತುಂಬಿತ್ತು. ಚಿಪ್ಪುಗಳನ್ನು ಗೋಡೆಯ ಬದಿಗೆ ಸುರಿದು, ಡಬ್ಬವನ್ನು ಕಸದ ಡ್ರಮ್ಮಿಗೆ ಹಾಕಿದೆ. ಇನ್ನೊಂದು ಫೋಟೋ ತೆಗೆದೆ.

ಆ ಎರಡನೆಯದು ನಮ್ಮ ಕನ್ನಡದವರ ಕೂಟದ ವಾರ್ಷಿಕೋತ್ಸವದಲ್ಲಿ ಮೊದಲ ಬಹುಮಾನ ಪಡೆಯಿತು. ಸಭಾಂಗಣದ ಗೋಡೆಗೆ ದೊಡ್ಡದು ಮಾಡಿ ತೂಗುಹಾಕಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲೇ ಸುಳಿದಾಡುತ್ತಿದ್ದೆ. ಬಾಯಮ್ಮ ಬಂದು ಬಹಳ ಹೊತ್ತು ನೋಡಿದರು.

"ಎಷ್ಟು ಕ್ಲೀನ್ ಉಂಟಲ್ಲ ಅಣ್ಣ" ಎಂದರು. "ನಮ್ಮ ಮಗು ಇರುವ ಜಾಗ ಇಷ್ಟು ಚಂದ ಅಂತ ನನಗೇ ಗೊತ್ತಿರ್ಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು. ಈ ಮನೆಗೆ ಬರುವ ಮುಂಚೆ ಒಂದು ಹೆಣ್ಣುಮಗು ಹುಟ್ಟಿ ನಾಲ್ಕು ದಿನ ಇತ್ತು. ಡ್ಯೂಟಿಗೆ ಹೋಗಬೇಕಾಗುತ್ತದೆ ಎಂದು ಹಾಲಿನ ಪುಡಿ ಮೊದಲೇ ತಂದಿಟ್ಟಿದ್ದರು. ಅದನ್ನು ತೆರೆಯುವ ಪ್ರಮೇಯವೇ ಬರಲಿಲ್ಲ. "ಅದೇ ಡಬ್ಬದಲ್ಲಿ ಚಿಪ್ಪಿ ತುಂಬಿಸಿ ಗುರ್ತಕ್ಕೆ ಇಟ್ಟಿದ್ದೇನೆ. ಇವರಿಗೆ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ, ಗೇಟಲ್ಲೇ ನಿಲ್ತಾರೆ. ನಾನೇ ಹೋಗುದು. ಇದ್ರಲ್ಲಿ ಡಬ್ಬ ಕಾಣುದಿಲ್ವಲ್ಲ, ಆಚೆ ಸೈಡಾ?"

"ಹೌದು ಬಾಯಮ್ಮ, ಆಚೆ ಸೈಡು" ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮನೆಗೆ ಬಂದು ಬಹುಮಾನದ ತಟ್ಟೆಯನ್ನು ಬೀರುವಿನ ಮೇಲೆ ಮಗುಚಿಟ್ಟೆ. ಮೊದಲು ತೆಗೆದ ಫೋಟೋದ ಪ್ರಿಂಟ್ ಹುಡುಕಿದೆ. ಡಬ್ಬ ಅಲ್ಲಿತ್ತು, ಯಾವ ದಿಬ್ಬದ ಮೇಲೆ ಎಂಬುದೂ ಸ್ಪಷ್ಟವಿತ್ತು. ಅದನ್ನು ಎದುರು ಮನೆಗೆ ಒಯ್ದು ಕೊಟ್ಟರೆ ಮುಗಿಯುತ್ತಿತ್ತು. ಕೊಟ್ಟರೆ ಎತ್ತಿ ಎಸೆದವನು ಯಾರೆಂದೂ ತಿಳಿಯುತ್ತಿತ್ತು. ಹೇಡಿ ನಾನು, ಕೊಡಲಿಲ್ಲ.

ಎರಡು ವಾರ ಬಿಟ್ಟು ಬಾಯಮ್ಮನೇ ಬಂದರು. "ಡಬ್ಬ ಗಾಳಿಗೆ ಹೋಗಿದೆ ಅಣ್ಣ. ಹೊಸತು ಇಟ್ಟು ಬಂದೆ. ಜಾಗ ನಂಗೆ ಗೊತ್ತುಂಟಲ್ಲ." ಅವರಿಬ್ಬರೂ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು, ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ರದ್ದಾಗುವುದರಲ್ಲಿತ್ತು. ಹೋಗುವ ಮುಂಚೆ ಮಗುವಿನ ಜಾಗದ ಒಂದು ಫೋಟೋ ಬೇಕಿತ್ತು.

ಮೂವರೂ ಹೋದ ಆ ದಿನ ಪೊರ್ಬುಗಳೂ ಒಳಗೆ ಬಂದರು, ಹೆಂಡತಿಯ ತೋಳು ಹಿಡಿದು. ನನ್ನ ಅಂಗಿಯ ಜೇಬಿನಲ್ಲಿ ಮೊದಲ ಪ್ರಿಂಟ್ ಇತ್ತು. ಹೊಸ ಡಬ್ಬ ಕಂಬದ ನೇರಕ್ಕೆ, ಒಂದು ದಿಬ್ಬ ಬಲಕ್ಕೆ, ಬೇರೆ ಯಾರದೋ ಮಗುವಿನ ಮೇಲೆ ಕುಳಿತಿತ್ತು. ಇಬ್ಬರೂ ಅದರ ಮುಂದೆ ಮೊಣಕಾಲೂರಿದರು. ಅಷ್ಟು ವರ್ಷ ಗೇಟಿನಲ್ಲೇ ನಿಂತವರು ಮರಳಿಗೆ ಹಣೆ ಹಚ್ಚಿ ಅತ್ತರು. ಅವರ ಮೊಣಕೈ ಪಕ್ಕದ ಬೋಳು ದಿಬ್ಬಕ್ಕೆ ತಾಗುತ್ತಿತ್ತು. ಈಗ ಹೇಳು, ಈಗ ಹೇಳು ಎಂದುಕೊಳ್ಳುತ್ತಲೇ ಲೆನ್ಸ್ ಒರೆಸಿದೆ.

"ಡಬ್ಬ ಸರಿ ಕಾಣ್ಬೇಕು ಹಾಂ" ಎಂದರು ಬಾಯಮ್ಮ.

ಡಬ್ಬ ಸರಿಯಾಗಿ ಕಾಣುವಂತೆ ಫೋಟೋ ತೆಗೆದೆ. ಹೊರಡುವಾಗ ಬಾಯಮ್ಮ ನನ್ನ ಕೈ ಹಿಡಿದು, "ನೀವು ಹೇಗೂ ಫೋಟೋಕ್ಕೆ ಬರ್ತೀರಲ್ಲ, ಗಾಳಿಗೆ ಮಗುಚಿದ್ರೆ ಒಂದು ನೆಟ್ಟಗೆ ಮಾಡಿ" ಎಂದರು. ನಾನು ತಲೆಯಾಡಿಸಿದೆ.

ಮಾತು ಕೊಟ್ಟದ್ದನ್ನು ಉಳಿಸಿಕೊಂಡೆ. ಕಾವಲುಗಾರನಿಗೆ ನನ್ನ ಮುಖ ಪರಿಚಯವಾಗಿತ್ತು, ಯಲ್ಲಾ ಎಂದು ಒಳಗೆ ಬಿಡುತ್ತಿದ್ದ. ಸಮಾಧಿಗಳ ಫೋಟೋ ತೆಗೆಯುವುದನ್ನು ಬಿಟ್ಟೆ, ಹೋಗುವುದನ್ನು ಬಿಡಲಿಲ್ಲ. ಧೂಳಿನ ಗಾಳಿ ಬೀಸಿದ ಮರುವಾರ ಹೋಗಿ ಡಬ್ಬ ನೆಟ್ಟಗೆ ಮಾಡುತ್ತಿದ್ದೆ. ಪಕ್ಕದ, ನಿಜವಾಗಿ ಅವರ ಮಗುವಿದ್ದ ದಿಬ್ಬದ ಮರಳು ಜಾರಿದ್ದರೆ ಅದನ್ನೂ ಕೈಯಿಂದ ಒಟ್ಟು ಮಾಡುತ್ತಿದ್ದೆ. ಗೋಡೆಯ ಬದಿಗೆ ನಾನೇ ಸುರಿದಿದ್ದ ಚಿಪ್ಪುಗಳಲ್ಲಿ ಒಂದೆರಡು ಸಿಕ್ಕಿದರೆ ಅದರ ಮೇಲೆ ಇಡುತ್ತಿದ್ದೆ. ಅಷ್ಟರಿಂದ ಏನೂ ಹಗುರಾಗುತ್ತಿರಲಿಲ್ಲ.

ನಾನೂ ಊರಿಗೆ ಮರಳುವ ಹೊತ್ತಿಗೆ ಎಲ್ಲರ ಕೈಗೂ ಕ್ಯಾಮೆರಾ ಇರುವ ಮೊಬೈಲು ಬಂದಿತ್ತು. ಹೊರಡುವ ಮೊದಲು ಒಂದು ಫೋಟೋ ಕಳಿಸಿ ಎಂದು ಬಾಯಮ್ಮ ಕೇಳಿದರು. ಇನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ, ಒಂದಾದರೂ ಸರಿಯಾಗಲಿ ಎಂದು, ಡಬ್ಬವನ್ನು ಎತ್ತಿ ಎಡಗಡೆಯ ದಿಬ್ಬದ ಮೇಲೆ, ಅದು ಮೊದಲು ಇದ್ದಲ್ಲೇ ಇಟ್ಟೆ. ಫೋಟೋ ತೆಗೆದು ಕಳಿಸಿದೆ. ಹನ್ನೆರಡು ವರ್ಷಗಳ ಮೇಲೆ ಆ ದಿನ ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡಿದೆ.

ಸಂಜೆಯೊಳಗೆ ಅವರ ಫೋನ್ ಬಂತು.

"ಅಣ್ಣ, ಡಬ್ಬ ಯಾರೋ ಜರುಗಿಸಿದ್ದಾರೆ. ನಮ್ಮದು ಕಂಬದ ನೇರಕ್ಕೆ ಇರುದಲ್ವಾ? ಇದು ಎಡಕ್ಕೆ ಹೋಗಿದೆ. ನೀವು ತೆಗ್ದ ಫೋಟೋವೇ ಇಲ್ಲಿ ಮನೆಯ ಅಲ್ತಾರಿನಲ್ಲಿ, ದೇವರ ಹತ್ತಿರ ಉಂಟು, ದಿನಾ ಕ್ಯಾಂಡಲ್ ಹಚ್ಚುದು. ಅದ್ರಲ್ಲಿ ನೋಡಿಯೇ ಹೇಳ್ತಿದ್ದೇನೆ. ಇವರಿಗಂತೂ ನಿದ್ದೆ ಬರ್ಲಿಕ್ಕಿಲ್ಲ. ಹೊರಡುವ ಮುಂಚೆ ಒಂದು ಸರಿ ಮಾಡ್ತೀರಾ?"

ಆ ಮೊದಲ ಪ್ರಿಂಟ್ ನನ್ನ ಎದುರಿಗೇ ಮೇಜಿನ ಮೇಲಿತ್ತು.

"ಆಯ್ತು ಬಾಯಮ್ಮ" ಎಂದೆ.

ಶುಕ್ರವಾರ ಹೋಗಿ ಡಬ್ಬವನ್ನು ಬಾಯಮ್ಮನ ಮಗುವಿನ ಮೇಲಿನಿಂದ ಎರಡನೆಯ ಸಲ ಎತ್ತಿದೆ.